ಬೇರೆ ಬಕೆಟ್

ನಮ್ಮ ಹಾಸ್ಟೆಲಲ್ಲಿ ಊರೇ ಹೆಸರು. ನಾನು ಸಾಗರ. ಕಿಟಕಿ ಪಕ್ಕದ ಮಂಚದವನು ಕೋಲಾರ. ಬಾಗಿಲ ಪಕ್ಕದವನು ಜಮಖಂಡಿ. ಅಟೆಂಡೆನ್ಸ್ ಶೀಟಲ್ಲಿರೋ ಹೆಸರು ಹಿಡಿದು ಕರೆದರೆ ಮೂವರಲ್ಲಿ ಒಬ್ಬರೂ ತಕ್ಷಣ ತಿರುಗಿ ನೋಡಲ್ಲ. ಈ ಬರಹ ನಾನು ಜಮಖಂಡಿಯ ಬಟ್ಟೆ ಒಗೆದ ಆರು ವಾರಗಳ ಬಗ್ಗೆ. ಅವನಿಗೆ ಓದೋಕೆ ಕೊಟ್ಟು, "ಹಾಕಲೇನೋ?" ಅಂತ ಕೇಳಿಯೇ ಕಳಿಸ್ತಿದ್ದೀನಿ. "ಹಾಕ್, ಆದ್ರ ನೀ ಮಾಡಿದ್ದನ್ನೂ ಬರಿ" ಅಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಮೂರನೇ ಸೆಮಿಸ್ಟರಿನ ಆಗಸ್ಟಲ್ಲಿ ಅವನ ಮೈಮೇಲೆ ಕೆಂಪು ಕಲೆಗಳು ಕಾಣಿಸಿಕೊಂಡವು. ಮೊದಲು ಮೊಣಕೈ ಮಡಿಕೆಯಲ್ಲಿ, ಆಮೇಲೆ ಕುತ್ತಿಗೆಯ ಸುತ್ತ, ಕಂಕುಳ ಅಂಚಲ್ಲಿ, ಸೊಂಟದಲ್ಲಿ ಚಡ್ಡಿಯ ಇಲಾಸ್ಟಿಕ್ ಕೂರುವ ಜಾಗದಲ್ಲಿ. ರಾತ್ರಿ ನಿದ್ದೆಯಲ್ಲೂ ಕೆರೆದುಕೊಳ್ಳೋನು. ಬೆಳಿಗ್ಗೆ ಬೆಡ್‌ಶೀಟಿನ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ ಇರ್ತಿತ್ತು. ನಾನೂ ಕೋಲಾರನೂ ಮೊಬೈಲಲ್ಲಿ ನಾಲ್ಕು ಫೋಟೋ ನೋಡಿ ತೀರ್ಪು ಕೊಟ್ಟುಬಿಟ್ವಿ: ಹುಳುಕಡ್ಡಿ. ಅವನ ಕಡೆ ಅದಕ್ಕೆ ಗಜಕರ್ಣ ಅಂತಾರೆ. ಹೆಸರು ಯಾವುದಾದರೇನು, ಅಂಟುರೋಗ ಅನ್ನೋದಂತೂ ನಮ್ಮಿಬ್ಬರಿಗೂ ಗೊತ್ತಿತ್ತು.

ಅವತ್ತು ಸಂಜೆ ನಾನು ನನ್ನ ಮಂಚವನ್ನ ಅವನ ಮಂಚದಿಂದ ಎರಡು ಅಡಿ ದೂರಕ್ಕೆ ಎಳೆದೆ. "ಫ್ಯಾನ್ ಗಾಳಿ ಸರಿಯಾಗಿ ಬರಲ್ಲ" ಅಂತ ಒಂದು ಕಾರಣವನ್ನೂ ಹೇಳಿದೆ. ಕೋಲಾರ ಇನ್ನೂ ನೇರ ಮನುಷ್ಯ. "ಮಗಾ, ಬೇಜಾರ್ ಮಾಡ್ಕೋಬೇಡ, ನಿನ್ನ ಬಟ್ಟೆ ನಮ್ಮದರ ಜೊತೆ ಮಷೀನಿಗೆ ಹಾಕ್ಬೇಡ" ಅಂದ. ಜಮಖಂಡಿ ಏನೂ ಅನ್ನಲಿಲ್ಲ. ಮಾರನೇ ದಿನ ಗೇಟ್ ಎದುರಿನ ಅಂಗಡಿಯಿಂದ ಒಂದು ಕೆಂಪು ಬಕೆಟ್ ತಂದ. ಅಲ್ಲಿಂದ ಮುಂದೆ ಅವನ ಬಟ್ಟೆ ಅದರಲ್ಲೇ ನೆನೀತಿತ್ತು, ಅವನೇ ಕೈಯಲ್ಲಿ ಒಗೀತಿದ್ದ. ನಮಗೆ ಸಮಾಧಾನವಾಯ್ತು.

ಅದೇ ಹೊತ್ತಿಗೆ ಮೆಡಿಕಲ್ ಶಾಪಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿಕೊಳ್ಳೋಕೆ ಶುರು ಮಾಡಿದ್ದ. ವಾರದಲ್ಲಿ ಕೆಂಪು ಇಳೀತು. ಬಿಟ್ಟ ಹತ್ತು ದಿನಕ್ಕೆ ಎರಡರಷ್ಟಾಗಿ ಬಂತು. ಅದರಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ: ಫಂಗಸ್‌ಗೆ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಬಲವಾದ ಸ್ಟಿರಾಯ್ಡ್. ಇಂಥ ಮೂರು-ಒಂದರ ಕ್ರೀಮು ಹಚ್ಚಿದ್ರೆ ಯಾವ ತುರಿಕೆಯಾದ್ರೂ ಮೊದಲು ಇಳಿಯುತ್ತೆ, ಯಾಕಂದ್ರೆ ಸ್ಟಿರಾಯ್ಡ್ ಉರಿಯೂತವನ್ನ ಅದುಮಿಡುತ್ತೆ. ನಿಜವಾಗಿ ಫಂಗಸ್ ಇದ್ರೆ ಅದು ಒಳಗೊಳಗೇ ಹರಡುತ್ತೆ. ಫಂಗಸ್ ಇಲ್ಲದಿದ್ರೆ ಬೇಡದ ಔಷಧಿ ಮೈಗೆ ಹೋಗುತ್ತೆ, ಚರ್ಮ ತೆಳ್ಳಗಾಗುತ್ತೆ. ಹಾಸ್ಟೆಲಿನ ಅರ್ಧಕ್ಕರ್ಧ ಬ್ಯಾಗುಗಳಲ್ಲಿ ಈ ಟ್ಯೂಬ್ ಸಿಗುತ್ತೆ. ನಿಮ್ಮದರಲ್ಲಿದ್ರೆ ಒಮ್ಮೆ ಹಿಂದೆ ಬರೆದಿರೋದನ್ನ ಓದಿ.

ನವೆಂಬರಲ್ಲಿ ಒಂದು ವಾರ ಜಮಖಂಡಿ ಸರಿಯಾಗಿ ಸ್ನಾನ ಮಾಡಲಿಲ್ಲ. ಸೋಮವಾರ, ಮಂಗಳವಾರ ಬರೀ ಕೈಕಾಲು ತೊಳೆದುಕೊಂಡ. ಶರ್ಟ್ ಬಿಚ್ಚದೆ ಮಲಗಿದ. ವಾಲಿಬಾಲಿಗೂ ಬರಲಿಲ್ಲ. ನಾವು ಸುಮ್ಮನಿರ್ತೀವಾ? "ಜಮಖಂಡಿಗೆ ಈಗ ನೀರೇ ಅಲರ್ಜಿ" ಅಂತ ಫ್ಲೋರಿಗೆಲ್ಲ ಹಬ್ಬಿಸಿದ್ವಿ. ಅವನೂ ನಕ್ಕ.

ನಾಲ್ಕನೇ ಸೆಮಿಸ್ಟರಿನ ಫೆಬ್ರವರಿ, ಕಾಲೇಜ್ ಫೆಸ್ಟು. ಕಬಡ್ಡಿಯಲ್ಲಿ ರೈಡಿಗೆ ಹೋದವನನ್ನ ಮೂವರು ಹಿಡಿದು ಕೆಡವಿದರು, ಬಲ ಮುಂಗೈ ಮೂಳೆ ಮುರೀತು. ಆರು ವಾರ ಪ್ಲಾಸ್ಟರ್. ಬಲಗೈಯವನು ಎಡಗೈಯಲ್ಲಿ ಇಂಟರ್ನಲ್ಸ್ ಬರೆಯೋ ಹಾಗಿಲ್ಲ ಅಂತ ನಾವೆಲ್ಲ ತಲೆಕೆಡಿಸಿಕೊಂಡ್ವೇ ಹೊರತು ಬಟ್ಟೆಯ ಕಥೆ ಯಾರಿಗೂ ಹೊಳೆಯಲಿಲ್ಲ. ಅವನು ಹೊರಗಿನ ಲಾಂಡ್ರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟ. ಬಟ್ಟೆ ಮಡಚಿ, ಪ್ಲಾಸ್ಟಿಕ್ ಕವರಲ್ಲಿ ಬಂತು. ಕವರ್ ಬಿಚ್ಚಿದ್ರೆ ರೂಮಿಗೆಲ್ಲ ಹೂವಿನ ಘಮ. ಎರಡೇ ದಿನ. ಕುತ್ತಿಗೆ, ಬೆನ್ನು, ಸೊಂಟ ಎಲ್ಲ ಕೆಂಪು. ಪ್ಲಾಸ್ಟರಿನ ಒಳಗೂ ತುರಿಕೆ, ಅಲ್ಲಿ ಕೆರೆದುಕೊಳ್ಳೋಕೂ ಆಗಲ್ಲ. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಅವನು ಸ್ಕೇಲನ್ನ ಪ್ಲಾಸ್ಟರೊಳಗೆ ತೂರಿಸಿ ಕೂತಿದ್ದ, ಕಣ್ಣಲ್ಲಿ ನೀರಿತ್ತು. ನಾನು ಎದ್ದಿದ್ದು ನೋಡಿ ಮುಖ ಆ ಕಡೆ ಮಾಡಿದ.

ಬೆಳಿಗ್ಗೆ "ನಿನ್ನ ಬಟ್ಟೆ ನಾನು ಒಗೀತೀನಿ ಕೊಡು" ಅಂದೆ.

"ಬ್ಯಾಡೋ. ನಿನಗ ಅಂಟಿಕೊಂಡ್ರ?" ಅಂದ. ಅದನ್ನ ಚುಚ್ಚೋಕೆ ಅಂದಿದ್ದೋ ನಿಜವಾಗಿ ಕೇಳಿದ್ದೋ ಆ ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಟ್ರಂಕ್ ತೆಗೆದು ಒಂದು ಚೀಟಿ ಕೊಟ್ಟ. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದ್ದು, ನವೆಂಬರಿನ ತಾರೀಕು. ಚರ್ಮ ಕೆರೆದು ತೆಗೆದ ಹೊಟ್ಟನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ದಾರೆ: ಫಂಗಸ್ ಇಲ್ಲ. ಪ್ಯಾಚ್ ಟೆಸ್ಟ್: ಫ್ರಾಗ್ರೆನ್ಸ್ ಮಿಕ್ಸ್ ಎದುರಿಗೆ ಎರಡು ಪ್ಲಸ್ ಗುರುತು. ಕೆಳಗೆ ಕಾಂಟ್ಯಾಕ್ಟ್ ಡರ್ಮಟೈಟಿಸ್.

ಪ್ಯಾಚ್ ಟೆಸ್ಟ್ ಅಂದ್ರೆ, ಅಲರ್ಜಿ ಮಾಡಬಹುದಾದ ಬೇರೆ ಬೇರೆ ವಸ್ತುಗಳನ್ನ ಸಣ್ಣ ಸಣ್ಣ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಟೇಪ್ ಹಾಕಿ ಅಂಟಿಸ್ತಾರೆ. 48 ಗಂಟೆ ಅದು ಅಲ್ಲೇ ಇರಬೇಕು. ತೆಗೆದು ಒಮ್ಮೆ ನೋಡ್ತಾರೆ, ಇನ್ನೊಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡ್ತಾರೆ. ಅಲ್ಲೀವರೆಗೆ ಬೆನ್ನು ಒದ್ದೆ ಆಗಬಾರದು, ಬೆವರಬಾರದು. ನವೆಂಬರಿನ ಆ ವಾರ ಅವನು ಯಾಕೆ ಸ್ನಾನ ಮಾಡಲಿಲ್ಲ, ಯಾಕೆ ಶರ್ಟ್ ಬಿಚ್ಚಲಿಲ್ಲ, ಯಾಕೆ ಆಡೋಕೆ ಬರಲಿಲ್ಲ ಅನ್ನೋದು ಒಟ್ಟಿಗೇ ಅರ್ಥವಾಯ್ತು.

"ಮೂರು ತಿಂಗಳಿಂದ ಇದು ನಿನ್ನತ್ರ ಇದೆ. ಅಂಟುರೋಗ ಅಲ್ಲ ಅಂತ ಯಾಕೋ ಹೇಳಲಿಲ್ಲ?"

"ನೀವ್ ಕೇಳ್ಲೇ ಇಲ್ಲಲ್ಲೋ."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕೆಂಪು ಬಕೆಟ್ ತಗೊಂಡು ಹೊರಟೆ.

ಆದರೆ ಒಳ್ಳೆ ಮನಸ್ಸಿದ್ರೆ ಸಾಕು ಬಟ್ಟೆ ಶುದ್ಧವಾಗುತ್ತೆ ಅಂತೇನಿಲ್ಲ. ಮೊದಲ ಭಾನುವಾರ ನಾನು ಮಾಡಿದ್ದು ಪೂರ್ತಿ ತಪ್ಪು. ಡಾಕ್ಟರು ಹೇಳಿದ್ದು ಮೂರೇ ಮಾತು: ವಾಸನೆ ಇಲ್ಲದ ಡಿಟರ್ಜೆಂಟ್, ಕಡಿಮೆ ಹಾಕೋದು, ಚೆನ್ನಾಗಿ ಜಾಲಿಸೋದು. ನಾನು ಮಗುವಿನ ಚಿತ್ರ ಇದ್ದ ಒಂದು ಬಾಟಲ್ ತಂದೆ. ಮಗುವಿಗೇ ಆಗುತ್ತೆ ಅಂದ್ಮೇಲೆ ಇವನಿಗೆ ಆಗಲ್ವಾ ಅಂದುಕೊಂಡೆ. ಹಾಸ್ಟೆಲ್ ಮಷೀನಿಗೆ ಹಾಕಿ, ಹಿಂದೆ ಆರು ಜನ ಕ್ಯೂ ನಿಂತಿದ್ದರಿಂದ ಎಲ್ಲರೂ ಒತ್ತುವ ಹದಿನೈದು ನಿಮಿಷದ ಕ್ವಿಕ್ ವಾಶ್ ಒತ್ತಿದೆ. ಮಂಗಳವಾರ ಮತ್ತೆ ಕೆಂಪು.

ಆವಾಗ ಬಾಟಲಿನ ಹಿಂಭಾಗ ಓದಿದೆ. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ "ಪರ್ಫ್ಯೂಮ್" ಅಂತಿತ್ತು. ಮಗುವಿನ ಚಿತ್ರಕ್ಕೂ ಒಳಗಿರೋದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. "ನ್ಯಾಚುರಲ್", "ಹರ್ಬಲ್" ಅನ್ನೋದೂ ಅಷ್ಟೇ. ಫ್ರಾಗ್ರೆನ್ಸ್ ಮಿಕ್ಸ್ ಅನ್ನೋ ಪರೀಕ್ಷೆಯಲ್ಲಿರೋ ಎಂಟು ವಸ್ತುಗಳಲ್ಲಿ ಒಂದು ಯೂಜಿನಾಲ್, ಲವಂಗದಲ್ಲಿ ಇರೋದೇ ಅದು. ಇನ್ನೊಂದು ಜೆರಾನಿಯಾಲ್, ಗುಲಾಬಿ ಎಣ್ಣೆಯಲ್ಲಿ ಸಿಗುತ್ತೆ. ಪರಿಮಳ ಗಿಡದಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ, ಅವನ ಚರ್ಮಕ್ಕೆ ಎರಡೂ ಒಂದೇ.

ಮಷೀನಿನ ತಪ್ಪೂ ಇತ್ತು. ಡಿಟರ್ಜೆಂಟ್ ಹಾಕೋ ಡ್ರಾಯರ್ ಎಳೆದು ನೋಡಿದ್ರೆ ಸಾಫ್ಟ್‌ನರ್ ಖಾನೆಯಲ್ಲಿ ಯಾರ್ಯಾರೋ ಸುರಿದ ನೀಲಿ ಲೋಳೆ ಗಟ್ಟಿಯಾಗಿ ಅಂಟಿತ್ತು. ಸಾಫ್ಟ್‌ನರ್ ಅನ್ನೋದು ತೊಳೆಯೋ ವಸ್ತುವೇ ಅಲ್ಲ. ಧನ ಆವೇಶ ಇರುವ ಅಣುಗಳು ಬಟ್ಟೆಯ ನೂಲಿಗೆ ಅಂಟಿಕೊಂಡು ಅಲ್ಲೇ ಉಳಿಯಲಿ ಅಂತಲೇ ಅದನ್ನ ಮಾಡಿರ್ತಾರೆ. ಎಷ್ಟೋ ಸಾಫ್ಟ್‌ನರುಗಳಲ್ಲಿ ಪರಿಮಳವನ್ನ ಕಣ್ಣಿಗೆ ಕಾಣದ ಗುಳಿಗೆಗಳಲ್ಲಿ ತುಂಬಿರ್ತಾರೆ, ಬಟ್ಟೆ ಮೈಗೆ ಉಜ್ಜಿದಾಗೆಲ್ಲ ಒಡೆದು ವಾಸನೆ ಬಿಡ್ತವೆ. ನಾಲ್ಕು ದಿನ ಆದ್ರೂ ಶರ್ಟ್ ಘಮ್ ಅನ್ನೋದು ಅದಕ್ಕೇ. ನಮಗೆ ಘಮ, ಅವನಿಗೆ ನಾಲ್ಕು ದಿನದ ಉರಿ.

ಉಳಿಯೋಕೆ ಅಂತಲೇ ಹಾಕೋ ಇನ್ನೊಂದು ವಸ್ತುವನ್ನ ನೀವೆಲ್ಲ ಕಣ್ಣಾರೆ ನೋಡಿದ್ದೀರಿ. ಫೆಸ್ಟಿನ ಡಿಜೆ ರಾತ್ರಿ ನೇರಳೆ ಲೈಟು ಬಿದ್ದಾಗ ಬಿಳಿ ಟೀ ಶರ್ಟುಗಳು ಹೊಳೀತವಲ್ಲ, ಅದು ಆಪ್ಟಿಕಲ್ ಬ್ರೈಟ್‌ನರ್. ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನ ಹೀರಿ ನೀಲಿ ಬೆಳಕಾಗಿ ಬಿಡುತ್ತೆ. ಹಳದಿಯಾದ ಬಟ್ಟೆ ಅದರಿಂದ ಬೆಳ್ಳಗೆ ಕಾಣುತ್ತೆ. ಕೊಳೆ ಹೋಗಿ ಬೆಳ್ಳಗಾಗಿದ್ದಲ್ಲ, ಮೇಲೊಂದು ಬಣ್ಣ ಕೂತು ಬೆಳ್ಳಗಾಗಿದ್ದು. ಇದು ಎಲ್ಲರಿಗೂ ತೊಂದರೆ ಮಾಡುತ್ತೆ ಅಂತಲ್ಲ. ಆದರೆ "ತೊಳೆದ ಬಟ್ಟೆಯಲ್ಲಿ ಸೋಪಿನ ಅಂಶ ಏನೂ ಇರಲ್ಲ" ಅನ್ನೋ ನನ್ನ ನಂಬಿಕೆ ಅಲ್ಲಿಗೆ ಹೋಯ್ತು.

ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿಯದು ಒಂದೇ ಸಲಹೆ: "ಆ ಪುಡಿಗಿಡಿ ಬಿಡು ಮಾರಾಯ, ಬಾರ್ ಸೋಪಲ್ಲಿ ಒಗಿ. ಇಲ್ಲಾಂದ್ರೆ ಅಂಟುವಾಳಕಾಯಿ ನೆನೆಹಾಕು." ಎರಡನ್ನೂ ಮಾಡಿದೆ. ಅಂಟುವಾಳದಲ್ಲಿ ಸ್ಯಾಪೋನಿನ್ ಇರುತ್ತೆ, ನೊರೆ ಬರುತ್ತೆ, ಮನೆಯಲ್ಲಿ ರೇಷ್ಮೆ ಸೀರೆ ತೊಳೆಯೋದು ಅದರಲ್ಲೇ. ಆದರೆ ನಾಲ್ಕು ದಿನ ಹಾಕಿದ ಶರ್ಟಿನ ಕಾಲರ್ ಕೊಳೆ ಅದಕ್ಕೆ ಜಗ್ಗಲಿಲ್ಲ. ಬಾರ್ ಸೋಪು ಇನ್ನೂ ಕೆಟ್ಟದಾಯ್ತು. ಬಕೆಟ್ ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು, ಬನಿಯನ್ ಒಣಗಿದ ಮೇಲೆ ಹಪ್ಪಳದ ಥರ ಗಟ್ಟಿ.

ಜಮಖಂಡಿ ನೋಡಿ ಹೇಳಿದ: "ಸವಳ ನೀರಲೇ ಇದು. ಸೋಪು ಏನ್ ಮಾಡ್ತದ?" ಕೋಲಾರ ಅದನ್ನೇ "ಉಪ್ಪು ನೀರು" ಅಂದ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ನಾವೆಲ್ಲ ಇಡಿಟಿಎ ಟೈಟ್ರೇಶನ್ ಮಾಡಿದ್ವಿ, ನೆನಪಿದೆಯಲ್ವಾ? ವೈನ್ ಕೆಂಪು ಬಣ್ಣ ನೀಲಿಗೆ ತಿರುಗೋವರೆಗೆ ಹನಿ ಹನಿ ಬಿಡೋದು, ರೀಡಿಂಗ್ ಪಕ್ಕದವನಿಂದ ಕಾಪಿ ಹೊಡೆಯೋದು. ಅದಕ್ಕೆ ಜೀವನದಲ್ಲಿ ಉಪಯೋಗ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಲ್ಯಾಬ್ ಅಸಿಸ್ಟೆಂಟ್ ಸರ್ ಹತ್ರ ಕೇಳಿಕೊಂಡು ಹಾಸ್ಟೆಲ್ ಬೋರ್‌ವೆಲ್ ನೀರನ್ನ ಪರೀಕ್ಷೆ ಮಾಡಿದೆ. ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ 200ರ ಒಳಗಿದ್ರೆ ಒಳ್ಳೇದು, ಬೇರೆ ಮೂಲ ಇಲ್ಲದಿದ್ರೆ 600ರವರೆಗೆ ನಡೆಯುತ್ತೆ ಅಂತಿದೆ.

ಸಾಗರದ ಕಡೆ ನೀರು ಮೆದು. ಅಜ್ಜಿಯ ಬಾರ್ ಸೋಪು ಅಲ್ಲಿ ಸರಿಯಾಗೇ ಕೆಲಸ ಮಾಡುತ್ತೆ. ಇಲ್ಲಿ ಅದೇ ಸೋಪು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಕೆನೆಯಾಗುತ್ತೆ, ಆ ಕೆನೆ ಬಟ್ಟೆಯೊಳಗೇ ಕೂರುತ್ತೆ. ಡಿಟರ್ಜೆಂಟ್ ಹುಟ್ಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಅದು ಗಡಸು ನೀರಲ್ಲೂ ಕೆನೆ ಕಟ್ಟಲ್ಲ. ಆದರೆ ಅದಕ್ಕೂ ನೀರಿನ ಗಡಸುತನ ಪೂರ್ತಿ ಹಿಡಿಸಲ್ಲ, ಅದಕ್ಕೇ ಪುಡಿಗಳಲ್ಲಿ ವಾಷಿಂಗ್ ಸೋಡಾ ಧಾರಾಳವಾಗಿ ಹಾಕಿರ್ತಾರೆ. ಸೋಡಾ ಕ್ಷಾರ. ಪುಡಿ ಕಲಸಿದ ನೀರಿನ ಪಿಎಚ್ 10ರ ಆಸುಪಾಸಿರುತ್ತೆ. ಆರೋಗ್ಯವಾಗಿರೋ ಚರ್ಮದ್ದು 5ರ ಆಸುಪಾಸು, ಅಂದ್ರೆ ಸ್ವಲ್ಪ ಆಮ್ಲ. ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯ ಹಾಗೆ, ನಡುವಿನ ಕೊಬ್ಬು ಗಾರೆಯ ಹಾಗೆ. ಎಣ್ಣೆಜಿಡ್ಡು ತೆಗೆಯೋಕೆ ಹುಟ್ಟಿದ ಡಿಟರ್ಜೆಂಟಿಗೆ ಕಾಲರಿನ ಜಿಡ್ಡು ಯಾವುದು, ಚರ್ಮದ ಗಾರೆ ಯಾವುದು ಅಂತ ಗೊತ್ತಾಗಲ್ಲ. ನಮ್ಮ ಗೋಡೆ ಗಟ್ಟಿ, ತಡ್ಕೊಳ್ಳುತ್ತೆ. ಜಮಖಂಡಿಯದು ಮೊದಲೇ ಬಿರುಕು ಬಿಟ್ಟ ಗೋಡೆ. ಒಳಗೆ ಹೋಗಬಾರದ್ದು ಹೋಗುತ್ತೆ.

ಸರಿ, ಹಾಗಾದ್ರೆ ಡಿಟರ್ಜೆಂಟನ್ನೇ ಬಿಟ್ಟು ಬರೀ ನೀರಲ್ಲಿ ಅದ್ದಿ ತೆಗೆದ್ರೆ? ಅದನ್ನೂ ಯೋಚಿಸಿದ್ದೆ. ಅಲ್ಲೇ ನಿಜವಾದ ಇಕ್ಕಟ್ಟು. ಕೆರೆದು ಗಾಯವಾದ, ಬಿರುಕು ಬಿಟ್ಟ ಚರ್ಮದ ಮೇಲೆ ಸ್ಟೆಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆ ಮಾಡುತ್ತೆ, ಕೀವು ತುಂಬುತ್ತೆ. ಬೆವರು, ಸತ್ತ ಚರ್ಮ ಅಂಟಿದ ಬಟ್ಟೆ ಹಾಕಿಸಿದ್ರೆ ಅವನಿಗೆ ಇನ್ನೂ ಕಷ್ಟ. ಅಂದ್ರೆ ಎಲ್ಲರಿಗಿಂತ ಶುದ್ಧವಾದ ಬಟ್ಟೆ ಬೇಕಾದವನಿಗೇ ಎಲ್ಲರಿಗಿಂತ ಕಡಿಮೆ ಸೋಪು ಹಾಕಬೇಕು. ಕೋಲಾರ ಸ್ನಾನದ ಮನೆಯಲ್ಲಿದ್ದ ಆಂಟಿಸೆಪ್ಟಿಕ್ ಲಿಕ್ವಿಡ್ ಒಂದು ಮುಚ್ಚಳ ಹಾಕು ಅಂದ. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಕೇಳಿದ್ರೆ ಅದೂ ಬೇಡ ಅಂದ್ರು, ಅದು ಸ್ವತಃ ಚರ್ಮಕ್ಕೆ ಉರಿ ತರಬಹುದು.

ದಾರಿ ಸಿಕ್ಕಿದ್ದು ಶುದ್ಧತೆಯನ್ನ ಎರಡು ಕೆಲಸವಾಗಿ ಒಡೆದಾಗ. ಕೊಳೆ ತೆಗೆಯೋದು ಒಂದು. ರೋಗಾಣು ಸಾಯಿಸೋದು ಇನ್ನೊಂದು. ಎರಡನೇದಕ್ಕೆ ಸೋಪೇ ಬೇಕು ಅಂತಿಲ್ಲ, ಬಿಸಿ ಇದ್ದರೆ ಆಗುತ್ತೆ. ನಮ್ಮೂರಿನ ಮಡಿವಾಳರು ಬಟ್ಟೆಯನ್ನ ಉಬ್ಬೆಗೆ ಹಾಕ್ತಿದ್ದದ್ದು ಇದನ್ನೇ. ಸವಳಿನ ನೀರಲ್ಲಿ ಅದ್ದಿದ ಬಟ್ಟೆಯನ್ನ ಹಬೆಯಲ್ಲಿ ಬೇಯಿಸಿ, ಆಮೇಲೆ ಹೊಳೆಯಲ್ಲಿ ಜಾಲಿಸಿ, ಬಂಡೆ ಮೇಲೆ ಹರವಿ ಬಿಸಿಲಿಗೆ ಒಣಗಿಸೋದು. ಬಿಸಿ, ಹರಿಯೋ ನೀರು, ಬಿಸಿಲು. ಆಸ್ಪತ್ರೆಯ ಬಟ್ಟೆ ಒಗೆಯೋದಕ್ಕೂ ಬಿಸಿಯೇ ಆಧಾರ. 60 ಡಿಗ್ರಿ ನೀರಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬಹುಪಾಲು ಸಾಯ್ತವೆ, ಹಾಸಿಗೆಯ ಧೂಳು ನುಸಿಗಳೂ ಉಳಿಯಲ್ಲ.

ನಮ್ಮ ಹಾಸ್ಟೆಲ್ ಮೇಲೆ ಸೋಲಾರ್ ಇದೆ. ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಖಾಲಿ ಮಾಡ್ತಾರೆ, ಮಧ್ಯಾಹ್ನ ಎರಡೂವರೆಗೆ ಮತ್ತೆ ಕುದಿಕುದಿ ಇರುತ್ತೆ, ಆವಾಗ ಯಾರಿಗೂ ಬೇಡ. ಥರ್ಮಾಮೀಟರ್ ಹಾಕಿ ನೋಡಿದೆ, ಒಳ್ಳೆ ಬಿಸಿಲಿದ್ದ ದಿನ 60 ದಾಟುತ್ತೆ. ಬನಿಯನ್, ಚಡ್ಡಿ, ಟವೆಲ್, ದಿಂಬಿನ ಕವರ್, ಬೆಡ್‌ಶೀಟು, ಅಂದ್ರೆ ಮೈಗೆ ನೇರ ತಾಗೋ ಹತ್ತಿ ಬಟ್ಟೆಗಳನ್ನ ಮಾತ್ರ ಆ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ, ಮೇಲೊಂದು ತಟ್ಟೆ ಮುಚ್ಚಿ ಇಡ್ತಿದ್ದೆ. ಕೈ ಹಾಕಬೇಡಿ, ಸುಡುತ್ತೆ. ನಾನು ಮುರಿದ ಪೊರಕೆ ಹಿಡಿಕೆ ಇಟ್ಟುಕೊಂಡಿದ್ದೆ. ಡಿಟರ್ಜೆಂಟು ಆನ್‌ಲೈನಲ್ಲಿ ಸಿಕ್ಕ ಬಣ್ಣ, ವಾಸನೆ ಎರಡೂ ಇಲ್ಲದ ಲಿಕ್ವಿಡ್. ಬಾಟಲ್ ಮೇಲೆ ಹೇಳಿದ್ದರ ಅರ್ಧ ಅಳತೆ, ಮೊದಲು ನೀರಲ್ಲಿ ಕಲಸಿ ಆಮೇಲೆ ಬಟ್ಟೆ. ಕಾಲರು, ಕಂಕುಳಿಗೆ ಮಾತ್ರ ಒಂದೆರಡು ಹನಿ ಹಾಕಿ ಬ್ರಶ್. ನೊರೆ ಕಡಿಮೆ ಬರುತ್ತೆ, ಮೊದಮೊದಲು ಮನಸ್ಸಿಗೆ ಸಮಾಧಾನವೇ ಆಗಲ್ಲ. ನೊರೆಗೂ ಶುದ್ಧಕ್ಕೂ ನೇರ ಸಂಬಂಧ ಇಲ್ಲ ಅಂತ ತಲೆಗೆ ಗೊತ್ತಿದ್ರೂ ಕೈ ಇನ್ನೊಂದು ಮುಚ್ಚಳ ಸುರಿಯೋಕೆ ಹೋಗುತ್ತೆ.

ಇನ್ನು ಜಾಲಿಸೋದು. ಇದರಲ್ಲಿ ನಾವು ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಲಾಭ ಇದೆ. ಹಿಂಡಿದ ಮೇಲೂ ಬಟ್ಟೆಯಲ್ಲಿ 2 ಲೀಟರ್ ಸೋಪಿನ ನೀರು ಉಳಿದಿದೆ ಅಂತಿಟ್ಕೊಳ್ಳಿ. ನಿಮ್ಮ ಹತ್ರ ಇರೋದು 18 ಲೀಟರ್ ಒಳ್ಳೆ ನೀರು. ಅಷ್ಟನ್ನೂ ಒಂದೇ ಸಲ ಸುರಿದು ಜಾಲಿಸಿ ಹಿಂಡಿದ್ರೆ 20ರಲ್ಲಿ 2 ಲೀಟರ್ ಉಳಿಯುತ್ತೆ, ಅಂದ್ರೆ ಸೋಪಿನ ಹತ್ತನೇ ಒಂದು ಭಾಗ. ಅದೇ 18 ಲೀಟರನ್ನ ಆರಾರು ಲೀಟರಿನಂತೆ ಮೂರು ಸಲ ಮಾಡಿದ್ರೆ ಪ್ರತಿ ಸಲ ನಾಲ್ಕನೇ ಒಂದು ಭಾಗ ಉಳಿಯುತ್ತೆ. ಮೂರು ಸಲಕ್ಕೆ 64ರಲ್ಲಿ ಒಂದು ಭಾಗ. ಇನ್ನೂ ಗಟ್ಟಿಯಾಗಿ ಹಿಂಡಿ ಪ್ರತಿ ಸಲ, ಮೊದಲ ಜಾಲಿಗೆ ಮುಂಚೆಯೂ, ಬಟ್ಟೆಯಲ್ಲಿ 1 ಲೀಟರ್ ಮಾತ್ರ ಉಳಿಯೋ ಹಾಗೆ ಮಾಡಿದ್ರೆ? ಪ್ರತಿ ಜಾಲಿಗೆ ಏಳನೇ ಒಂದು ಭಾಗ, ಮೂರಕ್ಕೆ 343ರಲ್ಲಿ ಒಂದು. ನೀರು ಅಷ್ಟೇ, ರಟ್ಟೆ ಕೆಲಸ ಮಾತ್ರ ಜಾಸ್ತಿ. ಕೆಮಿಕಲ್ ಬ್ರಾಂಚಿನವರು ಇದನ್ನ ಹಂತ ಹಂತದ ಎಕ್ಸ್‌ಟ್ರಾಕ್ಷನ್ ಅಂತ ಓದ್ತಾರಂತೆ. ನಿಜದಲ್ಲಿ ಸ್ವಲ್ಪ ಡಿಟರ್ಜೆಂಟು ನೂಲಿಗೇ ಅಂಟಿರೋದರಿಂದ ಲೆಕ್ಕದಷ್ಟು ಚೆನ್ನಾಗಿ ಹೋಗಲ್ಲ. ಆದರೂ ಪಾಠ ಒಂದೇ: ಒಂದು ದೊಡ್ಡ ಬಕೆಟ್‌ಗಿಂತ ಮೂರು ಸಣ್ಣ ಬಕೆಟ್, ನಡುವೆ ಗಟ್ಟಿ ಹಿಂಡು.

ಲೆಕ್ಕ ನಂಬದ ಕೋಲಾರನಿಗಾಗಿ ಲ್ಯಾಬಿನಿಂದ ಎರಡು ಎಂಎಲ್ ಫಿನಾಫ್ತಲೀನ್ ತಂದೆ. ಅವನು ಎಂದಿನಂತೆ ಪುಡಿ ಹಾಕಿ, ಎರಡು ಸಲ ಅದ್ದಿ ತೆಗೆದ ತನ್ನ ಟೀ ಶರ್ಟನ್ನ ಹಿಂಡಿ ಬಂದ ನೀರಿಗೆ ಎರಡು ಹನಿ ಬಿಟ್ಟೆ. ಗುಲಾಬಿ ಬಣ್ಣ. ಬರೀ ನಲ್ಲಿ ನೀರಿಗೆ ಬಿಟ್ಟರೆ ಬಣ್ಣ ಇಲ್ಲ. ಕ್ಷಾರ ಇನ್ನೂ ಇದೆ ಅಂತ ಅರ್ಥ. ನಾಲ್ಕನೇ ಜಾಲಿಗೆ ಗುಲಾಬಿ ಹೋಯ್ತು. ಇದು ಸೋಡಾವನ್ನ ತೋರಿಸುತ್ತೆಯೇ ಹೊರತು ಪರಿಮಳವನ್ನಲ್ಲ, ಅಂದಾಜಿಗಷ್ಟೇ. ಲ್ಯಾಬ್ ಇಲ್ಲದವರು ಕೊನೆಯ ನೀರನ್ನ ಬಾಟಲಿಗೆ ತುಂಬಿ ಜೋರಾಗಿ ಕುಲುಕಿ ನೋಡಬಹುದು, ನೊರೆ ನಿಂತರೆ ಇನ್ನೊಂದು ಜಾಲಿ ಬೇಕು. ಕೋಲಾರ ಅವತ್ತು ತನ್ನ ಟೀ ಶರ್ಟನ್ನ ತುಂಬಾ ಹೊತ್ತು ನೋಡ್ತಾ ನಿಂತಿದ್ದ. "ಇಷ್ಟು ದಿನ ನಾನು ಸೋಪು ಹಾಕ್ಕೊಂಡು ಓಡಾಡ್ತಿದ್ನಾ?" ಅಂದ. ಆಮೇಲಿನ ಭಾನುವಾರಗಳಲ್ಲಿ ಹಿಂಡೋ ಕೆಲಸ ಅವನದಾಯ್ತು. ಬೆಡ್‌ಶೀಟನ್ನ ಎರಡು ತುದಿ ಹಿಡಿದು ತಿರುಚೋಕೆ ಇಬ್ಬರು ಬೇಕೇ ಬೇಕು.

ಒಣ ಹಾಕೋದನ್ನ ನಾವು ಕಾರಿಡಾರಿನ ಹಗ್ಗದಿಂದ ಟೆರೇಸಿಗೆ ಬದಲಾಯಿಸಿದ್ವಿ, ಒಳಭಾಗ ಹೊರಗೆ ಮಾಡಿ. ಅರೆ ಒಣಗಿದ ಬಟ್ಟೆಗೆ ಒಂದು ಹುಳಿ ವಾಸನೆ ಬರುತ್ತಲ್ಲ, ಮಳೆಗಾಲದಲ್ಲಿ ಇಡೀ ಹಾಸ್ಟೆಲೇ ನಾರುತ್ತಲ್ಲ, ಅದು ನೀರಿನ ವಾಸನೆ ಅಲ್ಲ. ಒದ್ದೆಯಲ್ಲಿ ಬೆಳೆಯೋ ಮೊರಾಕ್ಸೆಲ್ಲಾದಂಥ ಬ್ಯಾಕ್ಟೀರಿಯಾಗಳ ಕೆಲಸ. ಅದನ್ನ ಮುಚ್ಚೋಕೆ ನಾವು ಇನ್ನಷ್ಟು ಪರಿಮಳ ಸುರೀತೀವಿ. ಬೇಗ ಒಣಗಿದ್ರೆ ವಾಸನೆಯೂ ಇಲ್ಲ, ಪರಿಮಳವೂ ಬೇಡ. ಮೋಡ ಇದ್ದ ದಿನ ಇಸ್ತ್ರಿ ಪೆಟ್ಟಿಗೆ ಬಿಸಿಲಿನ ಕೆಲಸ ಮಾಡುತ್ತೆ.

ಎರಡು ವಾರಕ್ಕೆ ಸೊಂಟದ ಕೆಂಪು ಇಳೀತು. ನಾಲ್ಕನೇ ವಾರಕ್ಕೆ ರಾತ್ರಿ ಕೆರೆಯೋ ಸದ್ದು ನಿಂತಿತ್ತು. ನಿಂತ ಮೇಲೇ ನನಗೆ ಗೊತ್ತಾಗಿದ್ದು, ಆರು ತಿಂಗಳಿಂದ ನಾನು ಆ ಸದ್ದು ಕೇಳ್ತಲೇ ಮಲಗ್ತಿದ್ದೆ ಅಂತ. ಪೂರ್ತಿ ವಾಸಿಯಾಗಿದೆ ಅಂತ ಹೇಳಲ್ಲ. ಡಾಕ್ಟರು ಕೊಟ್ಟ ಮುಲಾಮು, ವಾಸನೆ ಇಲ್ಲದ ಮಾಯಿಶ್ಚರೈಸರ್, ಮೈ ಸೋಪು ಬದಲಾಯಿಸಿದ್ದು, ಸಡಿಲ ಹತ್ತಿ ಬಟ್ಟೆ ಎಲ್ಲದರದ್ದೂ ಪಾಲಿದೆ. ಬೆವರಿದ ದಿನ ಈಗಲೂ ಕುತ್ತಿಗೆ ಕೆಂಪಾಗುತ್ತೆ. ಡಿಪಾರ್ಟ್‌ಮೆಂಟಿನ ಹೊಸ ಜೆರ್ಸಿಯನ್ನ ಒಗೆಯದೆ ಹಾಕಿಕೊಂಡ ದಿನ ಮತ್ತೆ ಎರಡು ದಿನ ಒದ್ದಾಡಿದ. ಹೊಸ ಬಟ್ಟೆಯ ಮೇಲೆ ಬಣ್ಣ, ಗಂಜಿ, ಫಿನಿಶಿಂಗ್ ರಾಸಾಯನಿಕ ಉಳಿದಿರುತ್ತೆ, ಒಮ್ಮೆ ಒಗೆದೇ ಹಾಕಬೇಕು ಅನ್ನೋದು ಆವಾಗ ಕಲಿತಿದ್ದು.

ಮಾರ್ಚ್ ಕೊನೆಗೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕೈ ಸಣಕಲಾಗಿ, ಹೊಟ್ಟೆದ್ದು, ಬೇರೆ ಯಾರದೋ ಕೈ ಇದ್ದ ಹಾಗಿತ್ತು. ಆ ಭಾನುವಾರ ನಾನು ಎಂದಿನಂತೆ ಕೆಂಪು ಬಕೆಟ್ ಎತ್ತೋಕೆ ಹೋದ್ರೆ ಅದು ಜಾಗದಲ್ಲಿರಲಿಲ್ಲ. ಬಾತ್‌ರೂಮಲ್ಲಿ ಜಮಖಂಡಿ ಎಡಗೈಯಲ್ಲಿ ನಲ್ಲಿ ತಿರುಗಿಸ್ತಾ ನಿಂತಿದ್ದ.

ಎಷ್ಟೋ ದಿನದಿಂದ ಹೇಳಬೇಕು ಅಂದುಕೊಂಡಿದ್ದನ್ನ ಆವಾಗ ಹೇಳಿದೆ. ಮಂಚ ಎಳೆದಿದ್ದು ಫ್ಯಾನಿಗಲ್ಲ ಅಂತ. ಸ್ನಾನದ ಜೋಕು ಹಬ್ಬಿಸಿದ್ದು ನಾನೇ ಅಂತ.

"ಗೊತ್ತೈತಿ" ಅಂದ. ಸ್ವಲ್ಪ ಹೊತ್ತು ನೀರು ತುಂಬೋ ಸದ್ದು ಅಷ್ಟೇ. ಆಮೇಲೆ ಅಂದ, "ಆ ಬಕೀಟ ತಂದ ದಿನ ಮನಿಗೆ ಹೋಗಿಬಿಡೂಣು ಅನ್ಸಿತ್ತು. ನಮ್ಮವ್ವಗ ಏನ್ ಹೇಳ್ಲಿ ಅಂತ ಸುಮ್ನಾದೆ."

ನಾನು ಏನೂ ಹೇಳಲಿಲ್ಲ. ಹೇಳೋಕೆ ಇರಲೂ ಇಲ್ಲ. ಬಾಗಿಲಲ್ಲಿ ಹಾಗೇ ನಿಂತಿದ್ದೆ, ಕೈಯಲ್ಲಿ ನನ್ನ ಎರಡು ಶರ್ಟು, ಒಂದು ಟವೆಲ್ ಇತ್ತು, ಮಷೀನಿಗೆ ಹಾಕೋಣ ಅಂತ ತಂದಿದ್ದು.

ಅವನು ತಿರುಗಿ ನೋಡಿದ. "ಏನ್ ನೋಡ್ತಿ? ನಿನ್ನ ಅರಬೀನೂ ಇದರಾಗ ಹಾಕ್. ಹಿಂಡಾಕ ನನ್ನ ಕೈಲೆ ಇನ್ನಾ ಆಗೂದಿಲ್ಲ."

ಹಾಕಿದೆ. ಅರ್ಧ ಮುಚ್ಚಳ ಲಿಕ್ವಿಡ್, ನಾಲ್ಕು ಜಾಲಿ. ಕೋಲಾರನನ್ನ ಕೂಗಿ ಕರೆದ್ವಿ, ಬೆಡ್‌ಶೀಟು ತಿರುಚೋಕೆ.